ನಲವತ್ತು ವರ್ಷ ತಿಂದ ಚಪಾತಿ ಈಗ ಯಾಕೆ ಆಗಿಬರುತ್ತಿಲ್ಲ?

ಪ್ರಶ್ನೆ: ನನಗೆ 43 ವರ್ಷ, ಹುಬ್ಬಳ್ಳಿಯಲ್ಲಿ ಪ್ರೌಢಶಾಲೆ ಶಿಕ್ಷಕ. ಸಕ್ಕರೆ ಕಾಯಿಲೆ, ಬಿಪಿ ಇಲ್ಲ. ಒಂದೂವರೆ ವರ್ಷದಲ್ಲಿ ಮೂರು ಸಲ ಹೀಗಾಗಿದೆ. ಮೊದಲ ಸಲ ಸಂಜೆ ಚಪಾತಿ ತಿಂದು ಒಂದು ತಾಸಿನ ಮೇಲೆ ಬ್ಯಾಡ್ಮಿಂಟನ್ ಆಡಲು ಹೋದಾಗ ಅಂಗೈ ತುರಿಸಿ ಮೈಯೆಲ್ಲ ದದ್ದು ಎದ್ದವು. ಮನೆಯಲ್ಲಿ ಪಿತ್ತದ ಗಂಧೆ ಎಂದರು. ಕೋಕಂ ಶರಬತ್ತು ಕುಡಿದು ಮಲಗಿದೆ. ಎರಡನೇ ಸಲ ಪೂರಿ ತಿಂದು, ಶಾಲೆಗೆ ತಡವಾಯಿತೆಂದು ಬಿರುಸಾಗಿ ನಡೆದಾಗ ದದ್ದಿನ ಜೊತೆಗೆ ತುಟಿ, ಕಣ್ಣು ಊದಿದವು. ಮೂರನೆಯದು ಹೋದ ತಿಂಗಳು, ಸಂಬಂಧಿಕರ ಮದುವೆಯಲ್ಲಿ. ಮಂಡಿನೋವಿಗೆ ಮಾತ್ರೆ ನುಂಗಿದ್ದೆ, ಎರಡು ಹೋಳಿಗೆ ತಿಂದೆ, ಆಮೇಲೆ ಮೆರವಣಿಗೆಯಲ್ಲಿ ಹುಡುಗರ ಜೊತೆ ಕುಣಿದೆ. ಉಸಿರು ಕಟ್ಟಿ, ಕಣ್ಣು ಕತ್ತಲಿಟ್ಟು ಬಿದ್ದೆ. ದವಾಖಾನೆಯಲ್ಲಿ ಅಲರ್ಜಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ನಂತರ ಒಂದು ಪ್ಯಾಕೇಜಿನಲ್ಲಿ ರಕ್ತಪರೀಕ್ಷೆ ಮಾಡಿಸಿದೆ. ಗೋಧಿ, ಅಕ್ಕಿ, ಮೊಸರು, ಬದನೆಕಾಯಿ, ತೊಗರಿಬೇಳೆ, ಶೇಂಗಾ ಸೇರಿ ಹದಿನಾಲ್ಕು ಪದಾರ್ಥ ಬಿಡಬೇಕೆಂದು ವರದಿ ಬಂದಿದೆ. ಆದರೆ ರಾತ್ರಿ ಚಪಾತಿ ತಿಂದು ಮಲಗಿದರೆ ನನಗೆ ಏನೂ ಆಗುವುದಿಲ್ಲ. ಹುಟ್ಟಿದಾಗಿನಿಂದ ತಿಂದ ಗೋಧಿಗೆ ಈಗ ಅಲರ್ಜಿ ಬರುತ್ತದೆಯೇ? ಜವೆಗೋಧಿ ತಿನ್ನಬಹುದೇ? ಆಟ ಬಿಡಬೇಕೇ? ಮನೆಯವರೆಲ್ಲ ಗ್ಲುಟನ್ ಬಿಡುವುದು ಒಳ್ಳೆಯದೇ?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಿಗಿಂತ ಮೊದಲು, ನೀವು ಕೇಳದೇ ಇರುವ ಒಂದು ಮಾತು ಹೇಳಬೇಕಾಗಿದೆ. ಮದುವೆಯಲ್ಲಿ ನಿಮಗಾದದ್ದನ್ನು ನಾವು ಅನಾಫಿಲ್ಯಾಕ್ಸಿಸ್ ಎನ್ನುತ್ತೇವೆ. ಚರ್ಮದ ಮೇಲಷ್ಟೇ ನಿಲ್ಲದೆ ಉಸಿರಾಟ, ರಕ್ತದೊತ್ತಡ ಎರಡನ್ನೂ ಹಿಡಿಯುವ ಅಲರ್ಜಿ ಅದು. ಪ್ರಾಣಕ್ಕೆ ಕುತ್ತು ತರಬಲ್ಲದು. ಮೂರು ಘಟನೆಗಳಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಜೋರಾಗಿದೆ ಎಂಬುದನ್ನು ನಿಮ್ಮ ಪತ್ರದಲ್ಲೇ ನೋಡಬಹುದು. ಆದ್ದರಿಂದ ತಜ್ಞರನ್ನು ಕಂಡು ಪರೀಕ್ಷೆ ಮುಗಿಯುವ ತನಕ ಗೋಧಿ ಪೂರ್ತಿ ಬಿಡಿ, ನೋವಿನ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನುಂಗಬೇಡಿ, ಆಟಕ್ಕೆ ಸ್ವಲ್ಪ ದಿನ ವಿರಾಮ ಕೊಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮನ್ನು ಕಾಡುತ್ತಿರುವ ಗೊಂದಲ ನನಗೆ ಅರ್ಥವಾಗುತ್ತದೆ. ಅಲರ್ಜಿ ಎಂದರೆ ತಿಂದಾಗಲೆಲ್ಲ ಆಗಬೇಕು, ರಾತ್ರಿಯ ಚಪಾತಿಗೆ ಏನೂ ಆಗದಿದ್ದರೆ ಅದು ಗೋಧಿಯ ತಪ್ಪು ಹೇಗಾದೀತು ಎಂಬುದು ನಿಮ್ಮ ತರ್ಕ. ಈ ತರ್ಕದಿಂದಲೇ ಎಷ್ಟೋ ಜನ ವರ್ಷಗಟ್ಟಲೆ ಕಾರಣ ತಿಳಿಯದೆ ಅಲೆಯುತ್ತಾರೆ. ಒಬ್ಬರು ಉಷ್ಣ ಎನ್ನುತ್ತಾರೆ, ಇನ್ನೊಬ್ಬರು ಬೆವರಿನ ಅಲರ್ಜಿ, ಮತ್ತೊಬ್ಬರು ಮದುವೆಮನೆಯ ಎಣ್ಣೆ. ಆದರೆ ನಿಮ್ಮ ಮೂರೂ ಘಟನೆಗಳನ್ನು ಪಕ್ಕಪಕ್ಕ ಇಟ್ಟರೆ ಚಪಾತಿ, ಪೂರಿ, ಹೋಳಿಗೆಯ ಕಣಕ ಎಲ್ಲವೂ ಗೋಧಿ. ಮೂರು ಸಲವೂ ಅದರ ಹಿಂದೆಯೇ ಮೈ ದಣಿದಿದೆ. ಕೊನೆಯ ಸಲ ಮಾತ್ರೆಯೂ ಸೇರಿಕೊಂಡಿದೆ. ರೋಗಿಯನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೂ ನನ್ನ ಬಲವಾದ ಅನುಮಾನ, ಇದು ಗೋಧಿ ತಿಂದು ದೇಹ ದಂಡಿಸಿದಾಗ ಮಾತ್ರ ಕೆರಳುವ ಅಲರ್ಜಿ. ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಗೋಧಿ ಅಲರ್ಜಿಯಲ್ಲಿ ಮುಖ್ಯವಾದ ರೂಪವೇ ಇದು. ಆಹಾರ ಮತ್ತು ವ್ಯಾಯಾಮ ಜೊತೆಗೂಡಿ ಹೀಗೆ ಮಾಡಬಲ್ಲವು ಎಂಬುದು ವೈದ್ಯಕೀಯ ದಾಖಲೆಗೆ ಬಂದದ್ದು 1979ರಲ್ಲಿ. ಅಂದಿನ ರೋಗಿ ತಿಂದದ್ದು ಗೋಧಿಯಲ್ಲ, ಚಿಪ್ಪುಮೀನು. ಗೋಧಿಯ ಪ್ರಕರಣಗಳು 1980ರ ದಶಕದಲ್ಲಿ ಜಪಾನಿನಿಂದ ವರದಿಯಾದವು. 1999ರಲ್ಲಿ ಫಿನ್ಲೆಂಡಿನ ಸಂಶೋಧಕರು ಇದಕ್ಕೆ ಕಾರಣವಾದ ಪ್ರೋಟೀನನ್ನು ಗುರುತಿಸಿದರು. ಅದರ ಹೆಸರು ಒಮೆಗಾ-5 ಗ್ಲಯಾಡಿನ್, ಗೋಧಿಹಿಟ್ಟಿಗೆ ಅಂಟು ಕೊಡುವ ಗ್ಲುಟನ್ ಎಂಬ ಪ್ರೋಟೀನಿನ ಒಂದು ಭಾಗ.

ಒಳಗೆ ನಡೆಯುವುದು ಹೀಗೆ. ನಿಮ್ಮ ರೋಗನಿರೋಧಕ ವ್ಯವಸ್ಥೆ ಈ ಪ್ರೋಟೀನಿನ ವಿರುದ್ಧ ಐಜಿಇ ಎಂಬ ಪ್ರತಿಕಾಯಗಳನ್ನು ಮಾಡಿಟ್ಟುಕೊಂಡಿದೆ. ಅವು ಚರ್ಮ, ಕರುಳು, ಶ್ವಾಸಕೋಶಗಳಲ್ಲಿರುವ ಮಾಸ್ಟ್ ಕೋಶಗಳಿಗೆ (ಕೆರಳಿದರೆ ದದ್ದು, ಊತ ತರುವ ರಾಸಾಯನಿಕಗಳನ್ನು ಹೊರಬಿಡುವ ಕೋಶಗಳು) ಅಂಟಿಕೊಂಡು ಕಾಯುತ್ತಿರುತ್ತವೆ. ಸುಮ್ಮನೆ ಕುಳಿತಾಗ ಕರುಳಿನ ಗೋಡೆ ದಾಟಿ ರಕ್ತಕ್ಕೆ ಬರುವ ಗ್ಲಯಾಡಿನ್ ತೀರಾ ಕಡಿಮೆ, ಹಾಗಾಗಿ ಏನೂ ಆಗುವುದಿಲ್ಲ. ಓಡಿದಾಗ, ಕುಣಿದಾಗ ಕರುಳಿನ ಗೋಡೆ ಸಡಿಲವಾಗಿ ಹೆಚ್ಚು ಪ್ರೋಟೀನ್ ಒಳಗೆ ನುಸುಳುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳೂ ಅದೇ ಕೆಲಸ ಮಾಡುತ್ತವೆ. ಜಪಾನಿನ ವೈದ್ಯರು ಇಂಥ ರೋಗಿಗಳ ರಕ್ತದಲ್ಲಿ ಗ್ಲಯಾಡಿನ್ ಅಳೆದು, ವ್ಯಾಯಾಮದ ನಂತರವೂ ಆಸ್ಪಿರಿನ್ ನಂತರವೂ ಅದು ಏರುವುದನ್ನು ತೋರಿಸಿದ್ದಾರೆ. ಮದ್ಯ, ಜ್ವರ, ನಿದ್ದೆಗೇಡು, ಹೆಂಗಸರಲ್ಲಿ ಮುಟ್ಟಿನ ದಿನಗಳು ಕೂಡ ಪ್ರತಿಕ್ರಿಯೆ ಶುರುವಾಗುವ ಹೊಸ್ತಿಲನ್ನು ತಗ್ಗಿಸಬಲ್ಲವು. ನಿಮ್ಮ ಮೂರನೇ ಘಟನೆ ಉಳಿದೆರಡಕ್ಕಿಂತ ಭೀಕರವಾದದ್ದು ಹೋಳಿಗೆ, ಮಾತ್ರೆ, ಕುಣಿತ ಮೂರೂ ಒಂದೇ ಹೊತ್ತಿಗೆ ಕೂಡಿದ್ದರಿಂದ.

ಹೊಸ್ತಿಲು ಎಂಬ ಮಾತನ್ನು ಮರೆಯಬೇಡಿ. ವ್ಯಾಯಾಮವಿಲ್ಲದೆಯೂ, ಕುಳಿತಲ್ಲೇ ಬಹಳ ಪ್ರಮಾಣದ ಗ್ಲುಟನ್ ಕೊಟ್ಟು ನೋಡಿದಾಗ ಕೆಲವು ರೋಗಿಗಳಿಗೆ ಪ್ರತಿಕ್ರಿಯೆ ಆದದ್ದು ಡೆನ್ಮಾರ್ಕಿನಲ್ಲಿ ಕಂಡುಬಂದಿದೆ. ‘ಆಡುವುದನ್ನು ಬಿಟ್ಟರೆ ಸಾಕು, ಚಪಾತಿ ಎಷ್ಟಾದರೂ ತಿನ್ನಬಹುದು’ ಎಂಬ ಲೆಕ್ಕ ಪೂರ್ತಿ ನಂಬುವಂಥದ್ದಲ್ಲ ಎಂದಾಯಿತು.

ಹುಟ್ಟಿದಾಗಿನಿಂದ ತಿಂದದ್ದಕ್ಕೆ ಈಗ ಯಾಕೆ ಎಂದು ಕೇಳಿದ್ದೀರಿ. ಸಹಿಷ್ಣುತೆ ಒಮ್ಮೆ ಬಂದರೆ ಸಾಯುವ ತನಕ ಇರುತ್ತದೆ ಎಂಬ ಖಾತರಿ ದೇಹ ಕೊಡುವುದಿಲ್ಲ. ಅದು ಮುರಿಯುವ ದಾರಿಗಳಲ್ಲಿ ಒಂದು ಚರ್ಮ. ಜಪಾನಿನಲ್ಲಿ ಒಂದು ಮುಖ ತೊಳೆಯುವ ಸೋಪಿಗೆ ಗೋಧಿಯ ಪ್ರೋಟೀನನ್ನು ಒಡೆದು ಬೆರೆಸಿದ್ದರು. ಅದನ್ನು ಬಳಸಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿ ಅಲರ್ಜಿ ಹುಟ್ಟಿಕೊಂಡು, 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ಹಿಂದೆ ಪಡೆದರು. ಜೀವನವಿಡೀ ಬ್ರೆಡ್ಡು, ನೂಡಲ್ಸ್ ತಿಂದಿದ್ದವರೇ ಅವರೆಲ್ಲ. ಇನ್ನೊಂದು ದಾರಿ ಉಸಿರು. ಹಿಟ್ಟಿನ ಧೂಳಿನಲ್ಲಿ ಕೆಲಸ ಮಾಡುವ ಬೇಕರಿಯವರಿಗೆ ಬರುವ ಉಬ್ಬಸವನ್ನು ಇಟಲಿಯ ವೈದ್ಯ ರಾಮಜ್ಜೀನಿ 1700ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ನಮ್ಮ ಗಿರಣಿಗಳಲ್ಲಿ ಮೂಗಿಗೆ ಬಟ್ಟೆ ಕಟ್ಟದೆ ದಿನವಿಡೀ ನಿಲ್ಲುವವರನ್ನು ನೋಡಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಅವರ ಕೆಮ್ಮನ್ನು ಬೀಡಿಯ ಖಾತೆಗೆ ಹಾಕಿ ಎಲ್ಲರೂ ಸುಮ್ಮನಾಗಿಬಿಡುತ್ತಾರೆ. ನಿಮ್ಮಂಥ ಹೆಚ್ಚಿನ ರೋಗಿಗಳಲ್ಲಿ ಇಂಥ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಸಿಗದಿದ್ದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವೇನೂ ಆಗದು.

ಪಿತ್ತದ ಗಂಧೆ ಎಂದು ನಿಮ್ಮ ಮನೆಯವರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಮೈಮೇಲೆ ಎದ್ದು ತಾನಾಗಿ ಇಳಿಯುವ ದದ್ದಿಗೆ ನಮ್ಮಲ್ಲಿ ಆ ಹೆಸರೇ ಇದೆ, ಅದರಲ್ಲಿ ಬಹಳಷ್ಟು ನಿರಪಾಯಕಾರಿ ಕೂಡ. ಕೋಕಂ ಕುಡಿದದ್ದರಿಂದ ಹಾನಿಯಿಲ್ಲ. ಅಂದು ದದ್ದು ಇಳಿದದ್ದು ನೀವು ಆಟ ನಿಲ್ಲಿಸಿ ಮಲಗಿದ್ದರಿಂದ. ದದ್ದಿನ ಜೊತೆ ಉಸಿರು, ತಲೆಸುತ್ತು, ವಾಂತಿ, ಗಂಟಲು ಬಿಗಿತ ಇವುಗಳಲ್ಲಿ ಒಂದು ಸೇರಿದರೂ ಅದನ್ನು ಪಿತ್ತ ಎಂದು ಕರೆದು ಕಾಯುವಂತಿಲ್ಲ.

ಈಗ ಆ ಹದಿನಾಲ್ಕು ಪದಾರ್ಥಗಳ ವರದಿ. ಅದರ ಮೇಲೆ ಐಜಿಜಿ (ಐಜಿಇ ಅಲ್ಲ, ಬೇರೊಂದು ಬಗೆಯ ಪ್ರತಿಕಾಯ) ಎಂದು ಬರೆದಿದೆಯೇ ನೋಡಿ. ಇಂಥ ಪ್ಯಾಕೇಜುಗಳಲ್ಲಿ ಬಹುಪಾಲು ಅಳೆಯುವುದು ಅದನ್ನೇ. ಆಹಾರದ ವಿರುದ್ಧ ಐಜಿಜಿ ಇರುವುದು ನೀವು ಆ ಆಹಾರ ತಿಂದಿದ್ದೀರಿ ಎಂಬುದಕ್ಕೆ ಗುರುತು, ಅಷ್ಟೇ. ಆರೋಗ್ಯವಂತರಲ್ಲೂ ಅದು ಇರುತ್ತದೆ. ಯುರೋಪು, ಅಮೆರಿಕ, ಕೆನಡಾಗಳ ಅಲರ್ಜಿ ತಜ್ಞರ ಸಂಘಗಳು ಅಲರ್ಜಿ ಪತ್ತೆಗೆ ಈ ಪರೀಕ್ಷೆ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿವೆ. ಅನ್ನ, ಮೊಸರು, ಬೇಳೆ, ಶೇಂಗಾ ನೀವು ದಿನವೂ ತಿನ್ನುತ್ತೀರಿ, ಅವೇ ಪಟ್ಟಿಯಲ್ಲಿ ಬಂದಿವೆ. ಗೋಧಿಯೂ ಅದರಲ್ಲಿರುವುದು ಕಾಕತಾಳೀಯ. ಈ ಕಾಗದ ನಂಬಿ ಅನ್ನ, ಮೊಸರು, ಬೇಳೆ ಎಲ್ಲವನ್ನೂ ಬಿಟ್ಟು, ತೂಕ ಇಳಿದು, ಬಿಳಿಚಿಕೊಂಡು ಬರುವವರನ್ನು ನೋಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಗೋಧಿಯೊಂದನ್ನು ಬಿಟ್ಟು ಉಳಿದ ಹದಿಮೂರನ್ನು ಇಂದೇ ತಿನ್ನಲು ಶುರು ಮಾಡಿ, ಅವು ಈ ಮೊದಲು ನಿಮಗೆ ತೊಂದರೆ ಕೊಟ್ಟಿಲ್ಲವಾದರೆ.

ಬೇಕಾದ ಪರೀಕ್ಷೆಗಳು ಬೇರೆ. ಚರ್ಮ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್, ರಕ್ತದಲ್ಲಿ ಗೋಧಿಯ ಐಜಿಇ, ಮತ್ತು ವಿಶೇಷವಾಗಿ ಒಮೆಗಾ-5 ಗ್ಲಯಾಡಿನ್‌ನ ಐಜಿಇ. ಕೊನೆಯದನ್ನು ಹೆಸರು ಹೇಳಿಯೇ ಕೇಳಬೇಕು. ಬರೀ ಗೋಧಿ ಐಜಿಇ ನಿಮ್ಮಂಥವರಲ್ಲಿ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ಹುಲ್ಲಿನ ಪರಾಗಕ್ಕೆ ಅಲರ್ಜಿ ಇರುವವರಲ್ಲಿ ಗೋಧಿಯ ತೊಂದರೆಯೇ ಇಲ್ಲದಿದ್ದರೂ ಪಾಸಿಟಿವ್ ಬರುತ್ತದೆ. ದೊಡ್ಡ ಪ್ರತಿಕ್ರಿಯೆಯಾದ ನಾಲ್ಕರಿಂದ ಆರು ವಾರಗಳ ನಂತರ ಪ್ರಿಕ್ ಟೆಸ್ಟ್ ಮಾಡಿಸಿದರೆ ಫಲಿತಾಂಶ ನಂಬಬಹುದು, ಅದಕ್ಕೆ ಸುಮಾರು ವಾರ ಮೊದಲಿನಿಂದ ಅಲರ್ಜಿಗೆ ನುಂಗುವ ಸಿಟ್ರಿಜಿನ್‌ನಂಥ ಮಾತ್ರೆ ನಿಲ್ಲಿಸಿರಬೇಕು. ವೈದ್ಯರು ಇನ್ನೂ ಕೆಲವನ್ನು ತಳ್ಳಿಹಾಕಬೇಕಾಗುತ್ತದೆ. ನೋವಿನ ಮಾತ್ರೆಗೇ ನಿಮಗೆ ಅಲರ್ಜಿ ಇರಬಹುದೇ? ಹೋಳಿಗೆಯ ಹೂರಣದ ಕಡಲೆಬೇಳೆಯೇ? ತೇವದ ಊರುಗಳಲ್ಲಿ ಹಳೆಯ ಹಿಟ್ಟಿನ ಡಬ್ಬಿಯಲ್ಲಿ ಕಣ್ಣಿಗೆ ಕಾಣದ ನುಸಿ ಬೆಳೆದು, ಅದನ್ನು ತಿಂದು ಅನಾಫಿಲ್ಯಾಕ್ಸಿಸ್ ಆಗುವುದೂ ಉಂಟು, ಮತ್ತು ಅಂಥವರಲ್ಲಿ ಹಲವರಿಗೆ ನೋವಿನ ಮಾತ್ರೆಯೂ ಒಗ್ಗುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದನ್ನು ನೆನಪಿಡಬೇಕು. ನಿಮ್ಮ ಕಥೆ ಅದಕ್ಕೆ ಅಷ್ಟಾಗಿ ಹೊಂದುವುದಿಲ್ಲ; ಬೇರೆ ಬೇರೆ ಮನೆಯ ಹಿಟ್ಟು, ಪ್ರತಿ ಸಲವೂ ದಣಿವು. ಗೋಧಿ ತಿನ್ನಿಸಿ ಓಡಿಸಿ ನೋಡುವ ಪರೀಕ್ಷೆಯೂ ಇದೆ. ಅದು ತುರ್ತು ಸೌಲಭ್ಯವಿರುವ ಆಸ್ಪತ್ರೆಯೊಳಗೆ, ತಜ್ಞರ ಎದುರು ಮಾತ್ರ. ಮನೆಯಲ್ಲಿ ಪ್ರಯೋಗ ಮಾಡಲು ದಯವಿಟ್ಟು ಹೋಗಬೇಡಿ.

ಗ್ಲುಟನ್ ವಿಷಯದಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು ಒಂದೇ ಬುಟ್ಟಿಗೆ ಬಿದ್ದಿವೆ. ನಿಮ್ಮದು ಐಜಿಇ ಅಲರ್ಜಿ, ನಿಮಿಷ-ತಾಸುಗಳ ಲೆಕ್ಕ. ಸೀಲಿಯಾಕ್ ಕಾಯಿಲೆಯಲ್ಲಿ ದೇಹ ತನ್ನ ಸಣ್ಣ ಕರುಳನ್ನೇ ನಿಧಾನವಾಗಿ ಹಾಳುಗೆಡವುತ್ತದೆ. ಭೇದಿ, ರಕ್ತಹೀನತೆ, ಮೂಳೆ ಸವೆತ ತಿಂಗಳು-ವರ್ಷಗಳಲ್ಲಿ ಕಾಣುತ್ತವೆ. ಗೋಧಿ ಹೆಚ್ಚು ತಿನ್ನುವ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಅದು ಇದೆ, ದಕ್ಷಿಣದಲ್ಲಿ ಬಹಳ ಅಪರೂಪ ಎಂದು 2016ರಲ್ಲಿ ಪ್ರಕಟವಾದ ಸಮೀಕ್ಷೆ ತೋರಿಸಿತು. ಅದಕ್ಕೆ ಬೇಕಾದ ಜೀನುಗಳು ಎರಡೂ ಕಡೆ ಇವೆ, ತಟ್ಟೆಯಲ್ಲಿನ ಗೋಧಿಯ ಪ್ರಮಾಣ ಬೇರೆ. ಅದರ ರಕ್ತಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು, ಬಿಟ್ಟ ಮೇಲೆ ಮಾಡಿಸಿದರೆ ಸುಳ್ಳು ನೆಗೆಟಿವ್ ಬರಬಹುದು. ಮೂರನೆಯದು ಬರೀ ಹೊಟ್ಟೆಯುಬ್ಬರ, ಗ್ಯಾಸು. ಹೆಚ್ಚಾಗಿ ಅದು ಗೋಧಿಯಲ್ಲಿರುವ ಫ್ರಕ್ಟನ್ ಎಂಬ ನಾರು ದೊಡ್ಡ ಕರುಳಿನಲ್ಲಿ ಹುಳಿಯುವುದರಿಂದ, ಅಪಾಯವಿಲ್ಲ. ನಿಮ್ಮ ಹೆಂಡತಿ ಮಕ್ಕಳಿಗೆ ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅವರು ಗ್ಲುಟನ್ ಬಿಡುವುದರಿಂದ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಇನ್ನೊಂದು ಎಚ್ಚರಿಕೆ: ‘ಗ್ಲುಟನ್ ರಹಿತ’ ಎಂದು ಬರೆದ ಕೆಲವು ವಿದೇಶಿ ತಿನಿಸುಗಳಲ್ಲಿ ಗ್ಲುಟನ್ ತೆಗೆದ ಗೋಧಿ ಪಿಷ್ಟ ಇರುತ್ತದೆ. ನೀವು ಹುಡುಕಬೇಕಾದದ್ದು ಪಟ್ಟಿಯಲ್ಲಿ ಗೋಧಿ ಇದೆಯೇ ಎಂಬುದನ್ನು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಪೊಟ್ಟಣದ ಮೇಲೆ ಅಲರ್ಜಿಕಾರಕ ಎಂದು ಗೋಧಿಯನ್ನು ನಮೂದಿಸಲೇಬೇಕು.

ಜವೆಗೋಧಿಯ ಬಗ್ಗೆ ಉತ್ತರ ಕರ್ನಾಟಕದ ಪ್ರತಿಯೊಬ್ಬ ರೋಗಿಯೂ ಕೇಳುತ್ತಾರೆ. ನಾಟಿ ಧಾನ್ಯ, ಹಳೆಯದು, ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದೆಂಬ ಹೆಸರಿದೆ, ಆದ್ದರಿಂದ ಅಲರ್ಜಿಯವರಿಗೂ ಒಗ್ಗಬಹುದು ಎಂಬ ಆಸೆ. ಒಗ್ಗುವುದಿಲ್ಲ. ಒಮೆಗಾ-5 ಗ್ಲಯಾಡಿನ್ ತಯಾರಿಸುವ ಜೀನುಗಳು ಇರುವುದು ಗೋಧಿಯ ‘ಬಿ’ ಗುಂಪಿನ ವರ್ಣತಂತುವಿನಲ್ಲಿ. ಸಾಮಾನ್ಯ ಚಪಾತಿ ಗೋಧಿಯಲ್ಲಿ ಎ, ಬಿ, ಡಿ ಮೂರೂ ಗುಂಪುಗಳಿವೆ. ಜವೆಗೋಧಿಯಲ್ಲಿ, ಬನ್ಸಿ ರವೆಯ ಗಟ್ಟಿಗೋಧಿಯಲ್ಲಿ ಎ ಮತ್ತು ಬಿ ಇವೆ. ಎಷ್ಟೇ ಹಳೆಯ ತಳಿಯಾದರೂ ‘ಬಿ’ ಅಲ್ಲಿ ಇದ್ದೇ ಇದೆ. ಹಸಿರು ಕ್ರಾಂತಿಯ ತಳಿಗಳಿಂದ, ರಾಸಾಯನಿಕ ಗೊಬ್ಬರದಿಂದ ಈ ಅಲರ್ಜಿ ಬಂತು ಎಂಬ ಮಾತೂ ಇಲ್ಲಿಗೇ ಬಿದ್ದುಹೋಗುತ್ತದೆ. ಸಾವಯವ ಗೋಧಿ, ಹುಳಿ ಬರಿಸಿದ ಬ್ರೆಡ್ಡು, ಚೆನ್ನಾಗಿ ಬೇಯಿಸಿದ್ದು ಯಾವುದೂ ವ್ಯತ್ಯಾಸ ಮಾಡದು. ಈ ಪ್ರೋಟೀನ್ ಬೆಂಕಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಇದರ ಹತ್ತಿರದ ಸಂಬಂಧಿ ಪ್ರೋಟೀನುಗಳಿವೆ, ಕೆಲವರಿಗೆ ಅವೂ ಆಗುವುದಿಲ್ಲ. ಪರೀಕ್ಷೆಯಾಗುವ ತನಕ ಬಾರ್ಲಿ ಗಂಜಿ, ಮಾಲ್ಟ್ ಪೇಯ, ಬಿಯರ್ ಬೇಡ.

ಮುಂದಿನ ದಾರಿ ಎರಡು. ಒಂದು, ಗೋಧಿಯನ್ನು ಪೂರ್ತಿ ಬಿಡುವುದು. ಇದೇ ಸುರಕ್ಷಿತ, ಮತ್ತು ಪ್ರಜ್ಞೆ ತಪ್ಪಿ ಬಿದ್ದಿರುವ ನಿಮಗೆ ಸದ್ಯಕ್ಕೆ ನಾನು ಹೇಳುವುದೂ ಇದನ್ನೇ. ಹುಬ್ಬಳ್ಳಿಯವರಾಗಿರುವುದು ಇಲ್ಲಿ ನಿಮ್ಮ ಅದೃಷ್ಟ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಅನ್ನ, ನವಣೆ, ರಾಗಿ ಎಲ್ಲವೂ ನಿಮಗೆ ತೆರೆದಿವೆ. ಪಂಜಾಬಿನ ರೋಗಿಗೆ ಹೇಳುವಷ್ಟು ಕಷ್ಟ ನಿಮಗೆ ಹೇಳುವಾಗ ನನಗಿಲ್ಲ. ತೊಡಕು ಬರುವುದು ಮರೆಯಾಗಿರುವ ಗೋಧಿಯಲ್ಲಿ. ಉಪ್ಪಿಟ್ಟು, ಕೇಸರಿಬಾತು, ಶ್ಯಾವಿಗೆ, ರವೆ ಇಡ್ಲಿ, ಸತ್ಯನಾರಾಯಣ ಪೂಜೆಯ ಪ್ರಸಾದದ ಸಜ್ಜಿಗೆ ರವೆ ಎಲ್ಲವೂ ಗೋಧಿಯೇ ಎಂಬುದು ಎಷ್ಟೋ ಜನಕ್ಕೆ ತಟ್ಟನೆ ಹೊಳೆಯುವುದಿಲ್ಲ. ಮೈದಾ ಗೋಧಿಯದೇ ಎಂದು ಹೇಳಿದಾಗ ಬೆರಗಾಗುವವರಿದ್ದಾರೆ: ಗೋಳಿಬಜೆ, ಮದ್ದೂರು ವಡೆ, ಮಂಗಳೂರು ಬನ್ಸ್, ಗುಲಾಬ್ ಜಾಮೂನು, ಗೋಬಿ ಮಂಚೂರಿಯ ಹಿಟ್ಟು. ಅದರ ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ ಹರಿಯದಿರಲಿ ಎಂದು ಗೋಧಿಹಿಟ್ಟು ಬೆರೆಸುವುದುಂಟು, ಕೇಳಿ ತಿನ್ನಿ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೆ ನಿಮ್ಮ ಜೋಳ ಹಾಕಿಸಬೇಡಿ. ಒಗ್ಗರಣೆಯ ಇಂಗಿನಲ್ಲೂ ಗೋಧಿಹಿಟ್ಟು ಬೆರೆತಿರುತ್ತದೆ, ಆದರೆ ಸಾರಿನ ಚಿಟಿಕೆ ಇಂಗಿಗೆ ಈ ಬಗೆಯ ರೋಗಿ ಬಿದ್ದದ್ದನ್ನು ನಾನು ಕಂಡಿಲ್ಲ. ಸೀಲಿಯಾಕ್ ಇರುವವರಷ್ಟು ಕಟ್ಟುನಿಟ್ಟು ನಿಮಗೆ ಬೇಕಿಲ್ಲ. ಹೆದರಿ ಊಟದ ಸುಖವನ್ನೇ ಕಳೆದುಕೊಳ್ಳಬೇಡಿ.

ಇನ್ನೊಂದು ದಾರಿ, ಗೋಧಿಯನ್ನೂ ದಣಿವನ್ನೂ ದೂರ ದೂರ ಇಡುವುದು. ಗೋಧಿ ತಿಂದ ಮೇಲೆ ನಾಲ್ಕರಿಂದ ಆರು ತಾಸು ಯಾವ ಶ್ರಮವೂ ಇಲ್ಲ, ಆ ದಿನ ನೋವಿನ ಮಾತ್ರೆ ಇಲ್ಲ, ಮದ್ಯ ಇಲ್ಲ, ಜ್ವರವಿದ್ದರೆ ಗೋಧಿ ಇಲ್ಲ. ಬರೀ ದದ್ದಿನ ಅನುಭವವಿರುವ, ತಮ್ಮ ದಿನಚರಿಯ ಮೇಲೆ ಹಿಡಿತವಿರುವ ಕೆಲವರಿಗೆ ಇದನ್ನು ಒಪ್ಪುತ್ತೇನೆ. ಇದರ ದೌರ್ಬಲ್ಯ ಎಂದರೆ ಬದುಕು ಮೊದಲೇ ಹೇಳಿ ಬರುವುದಿಲ್ಲ. ಬಸ್ಸು ಹಿಡಿಯಲು ಓಡಬೇಕಾಗುತ್ತದೆ, ಶಾಲೆಯಲ್ಲಿ ಮಗುವೊಂದು ಬಿದ್ದರೆ ಎತ್ತಿಕೊಂಡು ಓಡಬೇಕಾಗುತ್ತದೆ. ನಿಮ್ಮ ಎರಡನೇ ಘಟನೆಯಲ್ಲಿ ಬಿರುಸು ನಡಿಗೆಯೇ ಸಾಕಾಗಿತ್ತಲ್ಲ. ಆಟಕ್ಕೆ ಮೊದಲು ಸಿಟ್ರಿಜಿನ್ ನುಂಗಿದರೆ ಆಯಿತು ಎಂಬ ಮೂರನೆಯ ‘ದಾರಿ’ಯನ್ನು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮೊದಲ ತುರಿಕೆಯನ್ನು ಅಡಗಿಸಿ ನಿಮ್ಮ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುವುದನ್ನು ತಡೆಯುವುದಿಲ್ಲ. ಒಮಾಲಿಜುಮಾಬ್ ಎಂಬ ಇಂಜೆಕ್ಷನ್ ಕೆಲವರಿಗೆ ನೆರವಾದ ವರದಿಗಳಿವೆ. ದುಬಾರಿ, ಮತ್ತು ಇದಕ್ಕೆ ಇನ್ನೂ ರೂಢಿಯ ಚಿಕಿತ್ಸೆಯಲ್ಲ.

ಬ್ಯಾಡ್ಮಿಂಟನ್ ಬಿಡಬೇಕಿಲ್ಲ. ಗೋಧಿ ಬಿಟ್ಟು, ಪರೀಕ್ಷೆ ಮುಗಿದ ಮೇಲೆ ಮತ್ತೆ ಆಡಿ. ಒಬ್ಬರೇ ಆಡಬೇಡಿ, ಜೊತೆಗಾರನಿಗೆ ವಿಷಯ ಗೊತ್ತಿರಲಿ. ಅಂಗೈ, ಅಂಗಾಲು ತುರಿಸಿದರೆ, ಮೈ ಬಿಸಿಯೇರಿದಂತೆ ಅನಿಸಿದರೆ ಅದೇ ಕ್ಷಣ ನಿಲ್ಲಿಸಿ. ‘ಈ ಒಂದು ಗೇಮ್ ಮುಗಿಸಿಬಿಡೋಣ’ ಎಂದು ಮುಂದುವರಿದವರೇ ಹೆಚ್ಚಾಗಿ ಬಿದ್ದಿರುವುದು. ಮಂಡಿನೋವಿಗೆ ಏನು ತೆಗೆದುಕೊಳ್ಳಬಹುದು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಈ ಪತ್ರ ಓದುತ್ತಿರುವ ಬೇರೆಯವರಲ್ಲಿ ಹೃದಯಕ್ಕೆಂದು ಆಸ್ಪಿರಿನ್ ನುಂಗುವವರಿದ್ದರೆ ಅದನ್ನು ತಾವಾಗಿ ನಿಲ್ಲಿಸಬಾರದು.

ಇಷ್ಟೆಲ್ಲದರ ನಡುವೆ ನಾನು ಅತ್ಯಂತ ಒತ್ತಿ ಹೇಳಬೇಕಾದದ್ದು ಅಡ್ರಿನಲಿನ್ ಬಗ್ಗೆ. ಅನಾಫಿಲ್ಯಾಕ್ಸಿಸ್‌ಗೆ ಮೊದಲ ಔಷಧ ಅದೊಂದೇ, ತೊಡೆಯ ಹೊರಬದಿಯ ಸ್ನಾಯುವಿಗೆ. ಅಲರ್ಜಿ ಇಂಜೆಕ್ಷನ್, ಸ್ಟೀರಾಯ್ಡ್ ಎಲ್ಲ ಅದರ ನಂತರ; ಅವು ತುರಿಕೆ ಕಡಿಮೆ ಮಾಡುತ್ತವೆ, ಕುಸಿದ ಒತ್ತಡವನ್ನು ಎತ್ತುವುದಿಲ್ಲ. ಅಂದು ನಿಮಗೆ ಕೊಟ್ಟದ್ದರಲ್ಲಿ ಅಡ್ರಿನಲಿನ್ ಇತ್ತೇ ಎಂದು ಚೀಟಿ ನೋಡಿ. ವಿದೇಶಗಳಲ್ಲಿ ಸಿಗುವ ಪೆನ್ನಿನಂಥ ಸ್ವಯಂ ಇಂಜೆಕ್ಟರ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಆದರೆ ಒಂದು ಮಿಲಿಗ್ರಾಮಿನ ಅಡ್ರಿನಲಿನ್ ಆಂಪೂಲು ಅಗ್ಗದ ಔಷಧ. ವಯಸ್ಕರಿಗೆ ಸಾಮಾನ್ಯ ಪ್ರಮಾಣ 0.3ರಿಂದ 0.5 ಮಿಲಿಗ್ರಾಂ. ಎಷ್ಟು, ಹೇಗೆ ಎಂಬುದನ್ನು ನಿಮ್ಮ ವೈದ್ಯರು ನಿಮಗೂ ನಿಮ್ಮ ಹೆಂಡತಿಗೂ ಕೈಹಿಡಿದು ಕಲಿಸಿ, ಸಿರಿಂಜಿನ ಜೊತೆ ಚಿಕ್ಕ ಪೆಟ್ಟಿಗೆ ಮಾಡಿಕೊಡಬೇಕು. ಕಲಿಸದೆ ಚೀಟಿ ಬರೆದು ಕೊಟ್ಟರೆ ಮತ್ತೆ ಕೇಳಿ, ಸಂಕೋಚ ಬೇಡ. ಪೆಟ್ಟಿಗೆಯನ್ನು ಬಿಸಿಲಿಗೆ, ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ. ಅವಧಿ ಮುಗಿಯುವ ತಿಂಗಳನ್ನು ಮೇಲೆ ಬರೆದಿಡಿ. ಪ್ರತಿಕ್ರಿಯೆ ಶುರುವಾದರೆ ಇಂಜೆಕ್ಷನ್ ಕೊಟ್ಟು, ಮಲಗಿಸಿ ಕಾಲು ಎತ್ತರಕ್ಕಿಟ್ಟು, 108ಕ್ಕೆ ಕರೆ ಮಾಡಬೇಕು. ಉಸಿರಾಟ ಕಷ್ಟವಾದರೆ ಒರಗಿ ಕೂರಿಸಬಹುದು, ಎದ್ದು ನಿಲ್ಲಿಸಿ ನಡೆಸಬಾರದು. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಸಲ ಕೊಡಬೇಕಾಗಬಹುದು. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಿ ಕೆಲವು ತಾಸು ಅಲ್ಲೇ ಇರಬೇಕು.

ತಜ್ಞರ ಬಳಿಗೆ ಹೋಗುವಾಗ ಮೂರೂ ಘಟನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತಿಂದದ್ದು ಏನು, ಎಷ್ಟು ಹೊತ್ತಿಗೆ, ನಂತರ ಮಾಡಿದ್ದೇನು, ಯಾವ ಮಾತ್ರೆ, ಮೊದಲ ಲಕ್ಷಣ ಯಾವಾಗ. ಮಂಡಿನೋವಿನ ಆ ಮಾತ್ರೆಯ ಖಾಲಿ ಪಟ್ಟಿ ಇನ್ನೂ ಮನೆಯಲ್ಲಿದ್ದರೆ ಅದನ್ನೂ ಒಯ್ಯಿರಿ. ಹದಿನಾಲ್ಕು ಪದಾರ್ಥಗಳ ವರದಿಗಿಂತ ಆ ಹಾಳೆಯಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.